ಉಡಿಯೊಳಗಿನ ಆರು ಬಿಲ್ಲೆಗಳು

ಮನುಷ್ಯನನ್ನು ಮಂಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಎಷ್ಟು ವರ್ಷ ಬೇಕಾದರೂ ಮುಪ್ಪು ಬಾರದಂತೆ ಇಡಬಹುದು. ಆದರೆ ಆ ಮೈ ತಾಳುವುದು ಎರಡೇ ಎರಡು ಎಚ್ಚರ: ನಡುದಾರಿಯಲ್ಲಿ ಒಂದು, ದಡ ಸೇರಿದಾಗ ಒಂದು. ಹಾಗಾದರೆ ಏನಾದೀತು? "ಏನೂ ಆಗೂದಿಲ್ಲ, ಗಂಡಾ ಹೆಂಡ್ತಿ ಜಗಳಾಡಾಕ ಹೊಸಾದೊಂದು ನೆವಾ ಸಿಗತೈತಿ, ಅಷ್ಟ" ಎಂದು ಹೊರಡುವ ಮುನ್ನ ಕಲ್ಮೇಶ ನಕ್ಕಿದ್ದ. ಅವನಿಗೇನು, ನಕ್ಕು ಮಲಗಿಬಿಟ್ಟ. ಎಚ್ಚರವಿದ್ದು ಅನುಭವಿಸಿದವಳು ಅವನ ಹೆಂಡತಿ ನೀಲಗಂಗಾ.

ಅವರು ಹೊರಟದ್ದು ಇನ್ನೊಂದು ಸೂರ್ಯನ ಬಿಸಿಲು ಬೀಳುವ ನೆಲಕ್ಕೆ. ಹತ್ತಿದ ನೌಕೆಗೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರೊಂದಿತ್ತು. ಅದರಲ್ಲಿದ್ದವರು ಹತ್ತೇ ಜನ, ಎಲ್ಲ ಧಾರವಾಡದ ಕಡೆಯವರು; ಅವರು ಅದನ್ನು ತೆಪ್ಪ ಎಂದೇ ಕರೆದರು. ದಾರಿ ಮೂವತ್ತಾರು ವರ್ಷದ್ದು. ತೋಟಕ್ಕೆ ನೀರು ಹಾಯಿಸಲು, ಗಾಳಿಯ ಜರಡಿ ತೊಳೆಯಲು, ಮಲಗಿದವರ ಪೆಟ್ಟಿಗೆಗಳ ಮೇಲೆ ಕಣ್ಣಿಡಲು ಇಬ್ಬರು ಸದಾ ಎಚ್ಚರವಿರಬೇಕು. ಒಂದು ಜೋಡಿಗೆ ಹನ್ನೆರಡು ವರ್ಷದ ಪಾಳಿ. ಪಾಳಿ ಯಾರದೆಂದು ಹೆಸರು ಬರೆದ ಬಿಲ್ಲೆ ಎತ್ತಿ ಗೊತ್ತು ಮಾಡುವುದು. ಪಾಳಿ ಮುಗಿಸಿದವರು ಮತ್ತೆ ಮಲಗುತ್ತಾರೆ. ದಡ ಮುಟ್ಟುವತನಕ ಅವರನ್ನು ಯಾರೂ ಎಬ್ಬಿಸುವಂತಿಲ್ಲ. ಹೀಗೆ ಮೂರು ಪಾಳಿಯಲ್ಲಿ ಆರು ಜನರಿಗೆ ಹನ್ನೆರಡು ವರ್ಷ ವಯಸ್ಸಾಗುತ್ತದೆ. ಉಳಿದ ನಾಲ್ವರು ಮಲಗಿದಾಗ ಹೇಗಿದ್ದರೋ ಹಾಗೇ ಏಳುತ್ತಾರೆ.

ಕಲ್ಮೇಶ, ನೀಲಗಂಗಾ ಒಂದೇ ವಾರಿಗೆಯವರು. ಇಬ್ಬರಿಗೂ ಪಾಳಿ ಬಂದರೆ, ಇಲ್ಲವೆ ಇಬ್ಬರಿಗೂ ಬಾರದಿದ್ದರೆ, ಇಳಿಯುವಾಗಲೂ ಒಂದೇ ವಾರಿಗೆಯವರಾಗಿ ಇಳಿಯುತ್ತಾರೆ. ಅದರ ಸಂಭವ ಅರ್ಧಕ್ಕಿಂತ ಒಂದು ಚೂರು ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. "ಅರ್ಧ ಅಂದ್ರ ಬಾಳಾತು ಬಿಡು" ಎಂದಿದ್ದ ಕಲ್ಮೇಶ. ಅವನ ಜಾತಕವೇ ಹಾಗೆ, ಅರ್ಧ ತುಂಬಿದ ಕೊಡ ಕಂಡರೂ ತುಂಬಿ ಚೆಲ್ಲುತ್ತದೆ ಎಂದು ಬಟ್ಟೆ ಎತ್ತಿಕೊಳ್ಳುವವನು.

ಎರಡನೆಯ ಪಾಳಿಗೆ ಎದ್ದದ್ದು ನೀಲಗಂಗಾ, ಜೊತೆಗೆ ಲಕ್ಷ್ಮೇಶ್ವರದ ಜೈತುನಬಿ. ಕಲ್ಮೇಶ ಪೆಟ್ಟಿಗೆಯಲ್ಲೇ ಉಳಿದ.

ತೆಪ್ಪದೊಳಗೆ ಕಾಲ ನಡೆಯುತ್ತಿರಲಿಲ್ಲ, ತೇಲುತ್ತಿತ್ತು. ಕಿಟಕಿಯಾಚೆ ಚುಕ್ಕಿಗಳು ಇದ್ದಲ್ಲೇ ಇರುತ್ತಿದ್ದವು. ತೋಟದ ದೀಪ ಕೆಂಪಾದರೆ ಬೆಳಗಾಯಿತು ಎಂದರ್ಥ, ಬೆಳ್ಳಗಾದರೆ ಮಧ್ಯಾಹ್ನ, ನೀಲಿಯಾದರೆ ಮಲಗುವ ಹೊತ್ತು. ಜೋಳ ತೆನೆಗಟ್ಟುವುದು, ಒಣಗುವುದು, ಅದರ ಕಾಳೇ ಮತ್ತೆ ಮಣ್ಣಿಗೆ ಹೋಗುವುದು. ಎಲೆಗಳ ಸದ್ದು ಕೇಳುತ್ತ ಸಾಲುಗಳ ನಡುವೆ ಅಡ್ಡಾಡುವಾಗ ನೀಲಗಂಗೆಗೆ ತಾನು ಎಚ್ಚರವಿದ್ದೇನೋ, ಇದೂ ಪೆಟ್ಟಿಗೆಯೊಳಗಿನ ಕನಸೋ ಎಂದು ಸಂಶಯವಾಗುತ್ತಿತ್ತು. ಆಗ ಜೈತುನಬಿ ಎಲ್ಲಿಂದಲೋ ಕೂಗಿ, ಒಲೆಯ ಮೇಲಿನ ಪಲ್ಲೆ ತಳ ಹಿಡಿಯಿತೆಂದು ಬಯ್ಯುತ್ತಿದ್ದಳು. ಸಂಶಯ ಪರಿಹಾರವಾಗುತ್ತಿತ್ತು.

ದಿನಕ್ಕೊಮ್ಮೆ ಅವಳು ಕಲ್ಮೇಶನ ಪೆಟ್ಟಿಗೆಯ ಪಕ್ಕ ಕೂಡುತ್ತಿದ್ದಳು. ಅವನ ರೆಪ್ಪೆಯ ಮೇಲೆ ಸಣ್ಣ ಹಿಮ, ತುಟಿಯ ಮೇಲೆ ಅದೇ ಹಳೆಯ ಅರ್ಧ ನಗೆ. ಮೊದಮೊದಲು ಗಂಡನ ಪಕ್ಕ ಹೆಂಡತಿ ಕೂತಂತಿತ್ತು. ಬರಬರುತ್ತ ತಮ್ಮನ ಪಕ್ಕ ಅಕ್ಕ ಕೂತಂತಾಯಿತು. ಈಚೆಗೆ ಗಾಜಿನಲ್ಲಿ ತನ್ನ ಮುಖ ಅವನ ಮುಖದ ಮೇಲೆ ಬಿದ್ದಾಗ, ನರೆತ ಮುಂಗೂದಲು ಕಂಡು ಅವಳು ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ನಾಳೆ ಹೊಸ ನೆಲದ ಮೇಲೆ ಇಬ್ಬರೂ ಕೂಡಿ ನಡೆದರೆ ನೋಡಿದವರು ಏನೆಂದಾರು? ನೋಡುವವರು ಉಳಿದ ಎಂಟೇ ಜನ, ನಿಜ. ಆದರೆ ಕಲ್ಮೇಶನಿಗೆ ಕಣ್ಣಿಲ್ಲವೆ?

"ಏನಬೇ, ದಿನಾ ನೋಡಿ ನೋಡಿ ಆ ಗಾಜು ಸವದು ಹೋದೀತು" ಎನ್ನುತ್ತಿದ್ದಳು ಜೈತುನಬಿ. ಅವಳಿಗೆ ತೆಪ್ಪದಲ್ಲಿ ತನ್ನವರು ಎಂದು ಯಾರೂ ಇರಲಿಲ್ಲ. ಹಾಗಾಗಿ ನೀಲಗಂಗೆಯನ್ನೇ ತನ್ನವಳನ್ನಾಗಿ ಮಾಡಿಕೊಂಡು ಬಾಯಿತುಂಬ ಬಯ್ಯುತ್ತಿದ್ದಳು.

ಪಾಳಿ ಮುಗಿಯುತ್ತ ಬಂತು. ಮುಂದಿನ ಜೋಡಿಯನ್ನು, ಅಂದರೆ ಕೊನೆಯ ಜೋಡಿಯನ್ನು, ಎತ್ತುವ ಕೆಲಸ ಇವರದು. ಎಚ್ಚರದ ಕೋಣೆಯ ಗೋಡೆಯ ಮೇಲೆ ಬೇವಿನ ಕಟ್ಟಿಗೆಯ ನಾಲ್ಕು ಬಿಲ್ಲೆಗಳು ನೇತಾಡುತ್ತಿದ್ದವು: ಮೊದಲ ಪಾಳಿಯ ಇಬ್ಬರದು, ಇವರಿಬ್ಬರದು. ಒಮ್ಮೆ ಗೋಡೆಗೆ ಹೋದ ಬಿಲ್ಲೆ ತಿರುಗಿ ಕೆಳಗೆ ಬರುವುದಿಲ್ಲ. ಉಳಿದ ಆರು ಬಿಲ್ಲೆ ಡಬ್ಬಿಯಲ್ಲಿದ್ದವು, ಒಂದೇ ಅಳತೆ, ಒಂದೇ ನುಣುಪು, ಹೆಸರು ಮಾತ್ರ ಬೇರೆ.

ಲೆಕ್ಕ ಇಡುವ ಯಂತ್ರಕ್ಕೆ ಅವರು ಕಾರಭಾರಿ ಎಂದು ಹೆಸರಿಟ್ಟಿದ್ದರು. ಅದು ಮುದ್ರಿಸಿದ ಪುಸ್ತಕದ ಹಾಗೆ ಮಾತಾಡುತ್ತಿತ್ತು.

"ಆರರಾಗ ಇಬ್ಬರು" ಎಂದಳು ನೀಲಗಂಗಾ, ಕೇಳಿದ್ದನ್ನೇ ಮತ್ತೆ ಕೇಳುವ ದನಿಯಲ್ಲಿ. "ಕಲ್ಮೇಶ ಬರೂದು ಎಷ್ಟರಾಗ ಎಷ್ಟು?"

"ಮೊದಲ ಬಿಲ್ಲೆ ಆರು ರೀತಿಯಲ್ಲಿ ಬರಬಹುದು" ಎಂದಿತು ಕಾರಭಾರಿ. "ಅದನ್ನು ತಿರುಗಿ ಹಾಕುವುದಿಲ್ಲವಾದ್ದರಿಂದ ಎರಡನೆಯದಕ್ಕೆ ಐದೇ ರೀತಿ. ಒಟ್ಟು ಮೂವತ್ತು. ಆದರೆ ಜೋಡಿಗೆ ಹಿಂದು ಮುಂದು ಇಲ್ಲ. ಇವರು ಬಂದ ಮೇಲೆ ಅವರು ಬಂದರೂ, ಅವರು ಬಂದ ಮೇಲೆ ಇವರು ಬಂದರೂ ಜೋಡಿ ಒಂದೇ. ಆದ್ದರಿಂದ ಮೂವತ್ತರ ಅರ್ಧ, ಹದಿನೈದು ಜೋಡಿ."

"ಅದರಾಗ ಕಲ್ಮೇಶ ಇರೂವು?"

"ಉಳಿದ ಐವರಲ್ಲಿ ಒಬ್ಬೊಬ್ಬರೊಡನೆ ಒಂದೊಂದು. ಐದು ಜೋಡಿ. ಹದಿನೈದರಲ್ಲಿ ಐದು, ಅಂದರೆ ಮೂರರಲ್ಲಿ ಒಂದು."

ಎಷ್ಟು ಸಲ ಕೇಳಿದರೂ ಅದು ಮೂರರಲ್ಲಿ ಒಂದು ಎಂದೇ ಹೇಳುತ್ತಿತ್ತು, ಬೇಸರವಿಲ್ಲದೆ. ಮಲಗುವಾಗ ನೀಲಗಂಗಾ ಆ ಹದಿನೈದು ಜೋಡಿಗಳನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಳು. ಕಲ್ಮೇಶ ಮತ್ತು ದ್ಯಾಮಣ್ಣ. ಕಲ್ಮೇಶ ಮತ್ತು ಸಾವಂತ್ರಿ. ನಿದ್ದೆಯ ಅಂಚಿನಲ್ಲಿ ಅವರೆಲ್ಲ ಕೈಕೈ ಹಿಡಿದು ಜೋಳದ ಸಾಲುಗಳಲ್ಲಿ ಸುತ್ತುತ್ತಿದ್ದರು, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತ. ಕಲ್ಮೇಶ ಬರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಅವನೂ ಹನ್ನೆರಡು ವರ್ಷ ದಾಟಲಿ, ನನ್ನ ಸಮಕ್ಕೆ ಬರಲಿ. ಬೆಳಗಾದರೆ ಅದೇ ಬೇಡಿಕೆ ನೆನೆದು ನಾಚಿಕೆಯಾಗುತ್ತಿತ್ತು. ಗಂಡನಿಗೆ ಮುಪ್ಪು ಬರಲಿ ಎಂದು ಹರಕೆ ಹೊತ್ತ ಹೆಂಗಸು ಇನ್ಯಾರಿದ್ದಾಳು?

ಬಿಲ್ಲೆ ಎತ್ತುವುದು ಯಂತ್ರದ ಕೆಲಸವಲ್ಲ ಎಂದು ಹೊರಡುವಾಗಲೇ ಹಿರಿಯರು ಕಟ್ಟು ಮಾಡಿದ್ದರು. ಯಂತ್ರ ಎತ್ತಿದರೆ ಜನ ಜೀವಮಾನವಿಡೀ ಯಂತ್ರವನ್ನು ಬಯ್ಯುತ್ತಾರೆ, ಕೈ ಎತ್ತಿದರೆ ಹಣೆಬರಹ ಎಂದು ಸುಮ್ಮನಾಗುತ್ತಾರೆ. ಸೆರಗಿನ ಉಡಿಯಲ್ಲಿ ಜೋಳ ತುಂಬಿ, ಅದರೊಳಗೆ ಬಿಲ್ಲೆಗಳನ್ನು ಬೆರೆಸಿ, ಇಬ್ಬರೂ ಒಂದೊಂದು ಎತ್ತಿ ಮುಷ್ಟಿಯಲ್ಲಿ ಹಿಡಿಯಬೇಕು. ಇಬ್ಬರದೂ ಆದ ಮೇಲೆ ಒಟ್ಟಿಗೆ ಮುಷ್ಟಿ ತೆರೆಯಬೇಕು. ಯಾರ ಬಿಲ್ಲೆ ಮೊದಲು, ಯಾರ ಕೈಯಿಂದ ಎಂಬ ಮಾತು ಮುಂದೆ ಹುಟ್ಟಬಾರದು.

ಅಂದು ಕೆಂಪು ದೀಪ ಬೆಳ್ಳಗಾಗುವ ಹೊತ್ತಿಗೆ ಜೈತುನಬಿ ಉಡಿಯೊಡ್ಡಿ ಕೂತಳು. "ಕಣ್ಣ ಮುಚ್ಚಿ ತಗೀಬೇ" ಎಂದು ತಾನೂ ಕಣ್ಣು ಮುಚ್ಚಿದಳು.

ನೀಲಗಂಗಾ ಕೈ ಇಳಿಬಿಟ್ಟಳು. ತಂಪಾದ ಕಾಳಿನೊಳಗೆ ಬೆರಳು ಆಡಿದವು. ನುಣ್ಣನೆಯದೊಂದು ತಾಗಿತು. ಕಾಳು ಸಮೇತ ಎತ್ತಿ ಮುಷ್ಟಿ ಮಾಡಿದಳು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಾಗಲಿಲ್ಲ. ಮುಷ್ಟಿಯನ್ನು ಎದೆಯ ಹತ್ತಿರ ತಂದು, ಬೆರಳು ಸಡಿಲಿಸಿ ನೋಡಿದಳು.

ಕಲ್ಮೇಶ.

ಇಷ್ಟು ವರ್ಷ ಬೇಡಿಕೊಂಡದ್ದು ಅಂಗೈಯಲ್ಲಿತ್ತು. ಸಂತೋಷವಾಗಬೇಕಿತ್ತು. ಆದರೆ ಅವಳಿಗೆ ಕಂಡದ್ದು ರೆಪ್ಪೆಯ ಮೇಲೆ ಹಿಮ ಹೊತ್ತು ನಗುತ್ತ ಮಲಗಿದ ಅವನ ಮುಖ, ಆ ಮುಖದ ಹನ್ನೆರಡು ವರ್ಷ. ಅದನ್ನು ತಾನೇ ಕೈಯಾರೆ ಕಿತ್ತುಕೊಂಡೆ ಅನ್ನಿಸಿತು. ಅವಳ ತವರಿನ ಕಡೆ ಉಡಿಯಿಂದ ಏನೇ ತೆಗೆದರೂ ಒಂದು ಚಿಟಿಕೆ ತಿರುಗಿ ಹಾಕುವುದು ರೂಢಿ, ಉಡಿ ಬರಿದಾಗಬಾರದು ಎಂದು. ಸಣ್ಣವಳಿದ್ದಾಗಿನಿಂದ ಕೈಗೆ ಅಂಟಿದ ರೂಢಿ. ಕೈ ತಾನಾಗಿ ಉಡಿಯ ಕಡೆ ಹೋಯಿತು, ಕಾಳು ಸುರಿಯಿತು, ಕಾಳಿನೊಡನೆ ಬಿಲ್ಲೆಯೂ ಸುರಿಯಿತು. ನಾಲ್ಕು ಕಾಳು ಮಾತ್ರ ಅಂಗೈಗೆ ಅಂಟಿಕೊಂಡವು.

"ಆತೇನ?" ಎಂದು ಜೈತುನಬಿ ತಾನೂ ಒಂದು ಎತ್ತಿದಳು. ಇಬ್ಬರೂ ಮುಷ್ಟಿ ತೆರೆದರು. ಜೈತುನಬಿಯ ಕೈಯಲ್ಲಿ ದ್ಯಾಮಣ್ಣನ ಬಿಲ್ಲೆ. ನೀಲಗಂಗೆಯ ಕೈಯಲ್ಲಿ ಜೋಳ.

"ಹೊರಬಂದದ್ದು ಒಂದೇ ಬಿಲ್ಲೆ" ಎಂದಿತು ಕಾರಭಾರಿ.

"ಎಲ್ಲಿ ನಿಂದು?" ಜೈತುನಬಿ ಹುಬ್ಬೇರಿಸಿದಳು.

"ಕಾಳಿನ ಜೋಡಿ ಬಿತ್ತು. ರೂಢಿ ನೋಡು, ತಿರುಗಿ ಹಾಕಿಬಿಟ್ಟೆ."

"ಹೆಸರು ನೋಡಿದ್ದೀ?"

"ಇಲ್ಲ" ಎಂದಳು ನೀಲಗಂಗಾ. ಆ ಸುಳ್ಳು ಬಾಯಿಂದ ಬೆಣ್ಣೆಯ ಹಾಗೆ ಜಾರಿತು.

"ಹೆಸರು ಗೊತ್ತಿದ್ದರೆ ಆ ಹೆಸರೇ ನಿಲ್ಲುತ್ತದೆ" ಎಂದಿತು ಕಾರಭಾರಿ. "ಅದು ದ್ಯಾಮಣ್ಣನದಲ್ಲದಿದ್ದರೆ ಜೋಡಿ ಕೆಟ್ಟಿಲ್ಲ. ಗೊತ್ತಿಲ್ಲದಿದ್ದರೆ ಉಡಿಯಲ್ಲಿರುವ ಐದರಲ್ಲಿ ಒಂದನ್ನು ಮತ್ತೆ ಎತ್ತಬೇಕು. ಒಬ್ಬೊಬ್ಬರಿಗೂ ಐದರಲ್ಲಿ ಒಂದು ಸಂಭವ."

"ಮೊದಲ ಒಂಚೂರು ಚಹಾ ಕುಡ್ಯೂಣು" ಎಂದು ಜೈತುನಬಿ ಉಡಿಯನ್ನು ಹಾಗೇ ಗಂಟು ಕಟ್ಟಿ ಎದ್ದಳು.

ಅಡುಗೆಕೋಣೆಯಲ್ಲಿ ನೀರು ಕುದಿಯುತ್ತಿತ್ತು. ಸಣ್ಣ ಕಿಟಕಿಯಲ್ಲಿ ಚುಕ್ಕಿಗಳು ಕದಲದೆ ನಿಂತಿದ್ದವು. ಐದರಲ್ಲಿ ಒಂದು, ಎಂದುಕೊಂಡಳು ನೀಲಗಂಗಾ. ಐದರಲ್ಲಿ ನಾಲ್ಕು ಪಾಲು ಅವನು ಉಳಿಯುತ್ತಾನೆ. ಉಳಿದು ಯುವಕನಾಗಿಯೇ ಏಳುತ್ತಾನೆ. ಪಕ್ಕದಲ್ಲಿ ನಾನು. ಆಗಲಿ, ಅವನು ಚೆನ್ನಾಗಿದ್ದರೆ ಸಾಕು. ಹೀಗೆ ತನ್ನನ್ನು ದೊಡ್ಡವಳನ್ನಾಗಿ ಮಾಡಿಕೊಂಡು ಅವಳು ಚಹಾದ ಬಟ್ಟಲು ಎತ್ತಿದಳು. ಬಟ್ಟಲು ವಾಲಿ ಚಹಾ ಚೆಲ್ಲಿತು.

ಜೈತುನಬಿ ಅರಿವೆ ತಂದು ಒರೆಸಿದಳು. "ಉಳಿದ ಐದರಾಗ ಯಾರ್ಯಾರು ಅದಾರ, ಹೇಳು ನೋಡೂಣು" ಎಂದಳು, ಏನೂ ಅರಿಯದವಳ ಹಾಗೆ.

"ಕಲ್ಮೇಶ. ಒಂಟಿ ಮಂದಿ ಇಬ್ಬರು. ಮತ್ತ ಸಾವಂತ್ರಿ, ಆಕಿ ಗಂಡ ಬಸಲಿಂಗ."

ಹೇಳಿ ಮುಗಿಸುವಾಗ ನಾಲಿಗೆ ತಡವರಿಸಿತು. ಸಾವಂತ್ರಿ, ಬಸಲಿಂಗ ಮದುವೆಯಾದ ತಿಂಗಳಲ್ಲೇ ಬಂದು ಮಲಗಿದವರು. ಮಂಜು ಇಳಿಯುವತನಕ ಒಬ್ಬರ ಕೈ ಒಬ್ಬರು ಬಿಟ್ಟಿರಲಿಲ್ಲ, ಪೆಟ್ಟಿಗೆ ಮುಚ್ಚಲು ಬಂದವರೇ ಬಿಡಿಸಬೇಕಾಯಿತು. ಉಳಿದ ಈ ಒಂದು ಪಾಳಿ ಅವರಿಬ್ಬರ ಮೇಲೆ ಬೀಳದಿದ್ದರೆ ಇಬ್ಬರೂ ಹಾಗೇ ಜೋಡಿಯಾಗಿ ಏಳುತ್ತಾರೆ. ಬಿದ್ದರೆ ಒಬ್ಬರು ಮುದಿಯಾಗುತ್ತಾರೆ, ಒಬ್ಬರು ಉಳಿಯುತ್ತಾರೆ. ಕಲ್ಮೇಶ ಬರುವ ಸಂಭವ ಐದರಲ್ಲಿ ಒಂದು. ಅವರಲ್ಲೊಬ್ಬರು ಬರುವ ಸಂಭವ ಐದರಲ್ಲಿ ಎರಡು. ಕಲ್ಮೇಶನ ಬಿಲ್ಲೆಯನ್ನು ಒಳಗೆ ಹಾಕಿದರೆ ಅವನ ಹನ್ನೆರಡು ವರ್ಷ ಮಾಯವಾಗುವುದಿಲ್ಲ, ಇನ್ನೊಬ್ಬರ ಹೆಗಲೇರುತ್ತದೆ. ಇಷ್ಟು ಸರಳವಾದದ್ದು, ಹದಿನೈದು ಜೋಡಿಗಳನ್ನು ಕಟ್ಟಿ ಬಿಚ್ಚಿದವಳಿಗೆ, ಅಂಗೈ ತೆರೆದ ಗಳಿಗೆಯಲ್ಲಿ ಹೊಳೆದಿರಲಿಲ್ಲ.

"ಜೈತುನಾ" ಎಂದಳು. "ನಾ ಹೆಸರು ನೋಡೀನಿ."

"ಗೊತ್ತೈತಿ" ಎಂದಳು ಜೈತುನಬಿ. "ಹನ್ನೆರಡು ವರ್ಷ ನಿನ್ನ ಮಾರಿ ನೋಡಕೋತ ರೊಟ್ಟಿ ತಿಂದಾಕಿ ನಾ. ಕಣ್ಣ ತೆರೆದ ಕೂಡಲೇ ತಿಳೀತು. ನೀನ ಹೇಳಲಿ ಅಂತ ಸುಮ್ನಿದ್ದೆ."

"ಹೇಳದ ಇದ್ದಿದ್ರ?"

"ಇನ್ನೊಂದು ಬಟ್ಟಲ ಚಹಾ ಹಾಕತಿದ್ದೆ. ಹೇಳೂತನಕ ಹಾಕತಿದ್ದೆ."

ನೀಲಗಂಗೆಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. "ನನಗ ಅವನ್ನ ಮುದುಕನ್ನ ಮಾಡೂದು ಬ್ಯಾಡಾಗಿತ್ತು" ಎಂದಳು. "ಆದ್ರ ಅವ ಬೇಕೂ ಆಗ್ಯಾನ. ಎರಡೂ ಹೌದು. ನಾ ಏನ ಮಾಡ್ಲಿ?"

"ಏನೂ ಮಾಡಬ್ಯಾಡ. ಬಂದ ಹೆಸರು ಹೇಳು."

ಎಚ್ಚರದ ಕೋಣೆಗೆ ಬಂದು ಅವಳು ಗಟ್ಟಿಯಾಗಿ ಹೆಸರು ಹೇಳಿದಳು. "ಜೋಡಿ ಪೂರ್ಣವಾಯಿತು" ಎಂದಿತು ಕಾರಭಾರಿ, ಬೇರೇನೂ ಕೇಳಲಿಲ್ಲ. ಜೈತುನಬಿ ಗಂಟು ಬಿಚ್ಚಿ, ಜೋಳದಲ್ಲಿ ಹುಡುಕಿ, ಆ ಬಿಲ್ಲೆಯನ್ನು ತಂದು ದ್ಯಾಮಣ್ಣನ ಬಿಲ್ಲೆಯ ಪಕ್ಕಕ್ಕೆ ಇಟ್ಟಳು.

ಆಮೇಲೆ ನೀಲಗಂಗೆಗೆ ಹೊಸ ಹೆದರಿಕೆ ಹಿಡಿಯಿತು. ಪಾಳಿ ಒಪ್ಪಿಸುವ ದಿನ ನಾಲ್ವರೂ ಎಚ್ಚರವಿರುತ್ತಾರೆ. ಅಂದರೆ ಕಲ್ಮೇಶ ತನ್ನನ್ನು ನೋಡುತ್ತಾನೆ, ಅವನಿನ್ನೂ ಹಳೆಯ ಕಲ್ಮೇಶನಾಗಿಯೇ. ಪೆಟ್ಟಿಗೆಗಳು ಬೆಚ್ಚಗಾಗುವ ದಿನಗಳಲ್ಲಿ ಅವಳು ಕೂದಲನ್ನು ಹತ್ತು ಬಗೆಯಲ್ಲಿ ಕಟ್ಟಿ ಬಿಚ್ಚಿದಳು. ಕೊನೆಗೆ ಜೈತುನಬಿ ಬಾಚಣಿಗೆ ಕಸಿದುಕೊಂಡು ತಾನೇ ಹೆರಳು ಹಾಕಿದಳು.

ಮೊದಲು ಎದ್ದವನು ದ್ಯಾಮಣ್ಣ. ಇಪ್ಪತ್ತನಾಲ್ಕು ವರ್ಷ ಮಲಗಿದ್ದವನು ಆಕಳಿಸಿ, ಇನ್ನೊಂದು ಗಳಿಗೆ ಮಲಗಲೇ ಎಂದು ಕೇಳಿದ. ಜೈತುನಬಿ ಅವನನ್ನು ಎಬ್ಬಿಸಿ ತೋಟ ತೋರಿಸಲು ಕರೆದೊಯ್ದಳು.

ಕಲ್ಮೇಶನ ರೆಪ್ಪೆಯ ಹಿಮ ಕರಗಿ ಕೆನ್ನೆಗಿಳಿಯಿತು. ಕಣ್ಣು ತೆರೆದವು, ಮಂಜು ಮಂಜಾಗಿ. ಬಹಳ ಹೊತ್ತು ನೀಲಗಂಗೆಯನ್ನು ನೋಡಿ, "ಅತ್ತೀ, ನೀವ ಯಾವಾಗ ಬಂದ್ರಿ?" ಎಂದ.

ಅವನು ಕಂಡದ್ದು ಭೂಮಿಯ ಮೇಲೆ ಉಳಿದ ತನ್ನ ತಾಯಿಯನ್ನು ಎಂದು ನೀಲಗಂಗೆಗೆ ತಿಳಿಯಿತು. ಯಾವುದಕ್ಕೆ ಹೆದರಿದ್ದಳೋ ಅದೇ ಮೊದಲ ಮಾತಾಗಿ ಬಂದಿತ್ತು. "ಅತ್ತಿ ಅಲ್ಲೋ" ಎಂದಳು. "ನಾನು."

ದನಿ ಕೇಳಿ ಅವನು ಎದ್ದು ಕೂತ. ನರೆತ ಹಣೆಗೂದಲು, ಕಣ್ಣ ಸುತ್ತಲಿನ ಗೆರೆ, ಕೆಲಸದಿಂದ ಒರಟಾದ ಕೈ, ಒಂದೊಂದನ್ನೇ ನೋಡಿದ. ತುಟಿಯ ಮೇಲಿನ ಅರ್ಧ ನಗೆ ಮೊದಲ ಸಲ ಅಳಿಸಿಹೋಯಿತು. "ಇಷ್ಟೂ ದಿನಾ ಒಬ್ಬಾಕೀನ ಇದ್ದೆಲ್ಲ" ಎಂದ.

ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಬೇಡಿಕೊಂಡದ್ದು, ಬಿಲ್ಲೆ ನೋಡಿದ್ದು, ತಿರುಗಿ ಹಾಕಿದ್ದು, ಸುಳ್ಳು ಹೇಳಿದ್ದು, ಕೊನೆಗೆ ಒಪ್ಪಿಕೊಂಡದ್ದು. ಒಪ್ಪಿಕೊಳ್ಳುವಾಗ ಸಾವಂತ್ರಿಯ ಬಗ್ಗೆ ಇದ್ದ ಮರುಕದೊಡನೆ ತನ್ನ ಆಸೆಯೂ ಇತ್ತೆಂದು, ಯಾವುದು ಎಷ್ಟು ಎಂದು ತನಗೆ ಬಿಡಿಸಲಾಗದೆಂದು ಹೇಳಿದಳು. "ನಿನ್ನ ಹನ್ನೆರಡು ವರ್ಷ ನನ್ನ ಕೈಲೇ ಹೋದ್ವು. ಸಿಟ್ಟ ಬಂದ್ರ ಈಗ ಬೈದುಬಿಡು. ನಾಳಿ ನಾ ಮಲಗತೀನಿ, ಆಮ್ಯಾಲ ಬೈದ್ರ ಕೇಳಸೂದಿಲ್ಲ."

ಅವನು ಬಯ್ಯಲಿಲ್ಲ. ಅಂದು ದೀಪ ಕೆಂಪಿನಿಂದ ಬೆಳ್ಳಗಾಗಿ, ಬಿಳುಪಿನಿಂದ ನೀಲಿಯಾಗುವತನಕ ಇಬ್ಬರೂ ಜೋಳದ ಸಾಲುಗಳಲ್ಲಿ ಅಡ್ಡಾಡಿದರು. ಯಾವ ನಲ್ಲಿ ಸೋರುತ್ತದೆ, ಜರಡಿ ಎಷ್ಟು ದಿನಕ್ಕೊಮ್ಮೆ ಮುಚ್ಚಿಕೊಳ್ಳುತ್ತದೆ, ಯಾವ ಮಡಿಯ ಮಣ್ಣು ಸಪ್ಪೆ, ಎಲ್ಲ ತೋರಿಸಿದಳು. ಅವನು ತಲೆಯಾಡಿಸುತ್ತ ಅವಳ ಕೈ ಹಿಡಿದುಕೊಂಡೇ ನಡೆದ. ಆಗಾಗ ನಿಂತು ಅವಳ ಮುಖ ನೋಡುತ್ತಿದ್ದ, ಹೊಸದಾಗಿ ಗುರುತು ಮಾಡಿಕೊಳ್ಳುವವನ ಹಾಗೆ.

ಮರುದಿನ ಜೈತುನಬಿ ತನ್ನ ಪೆಟ್ಟಿಗೆಯೊಳಗೆ ಕಾಲು ಚಾಚಿ, "ಪಲ್ಲೆ ತಳಾ ಹಿಡಸಬ್ಯಾಡ್ರಪಾ" ಎಂದು ಎಚ್ಚರಿಕೆ ಕೊಟ್ಟು ಕಣ್ಣು ಮುಚ್ಚಿದಳು. ದ್ಯಾಮಣ್ಣ ಮುಚ್ಚಳ ಇಳಿಸಿದ.

ನೀಲಗಂಗಾ ತನ್ನ ಪೆಟ್ಟಿಗೆಯಲ್ಲಿ ಮಲಗಿದಳು. ಮಂಜು ಮೆಲ್ಲಗೆ ಪಾದದ ಕಡೆಯಿಂದ ಏರತೊಡಗಿತು. ಕಲ್ಮೇಶ ಅಂಚಿನಲ್ಲಿ ಕೂತು ಅವಳ ಹಣೆಗೂದಲು ಹಿಂದಕ್ಕೆ ಸರಿಸಿದ.

"ಅಂಜಿಕಿ ಏನ?" ಎಂದ.

"ಎದ್ದಾಗ ನಿನ್ನ ಗುರ್ತ ಸಿಗಲಿಲ್ಲಂದ್ರ?"

"ನಾ ನಿನ್ನ ಅತ್ತಿ ಅಂದೆ. ನೀ ನನ್ನ ಮಾವ ಅಂದುಬಿಡು. ಸಮಾ ಆತು."

ಅವಳು ನಕ್ಕಳು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಅವನು ಬಗ್ಗಿ, ಕಿವಿಯ ಹತ್ತಿರ ಹೇಳಿದ: "ನೀ ಸ್ವಲ್ಪ ಮುಂದ ಹೋಗೀದಿ. ನಾ ಹಿಂದ ಉಳದೀನಿ. ಅಷ್ಟ ಆಗಿದ್ದು. ಈಗ ನೀ ಅಲ್ಲೇ ನಿಂದರು, ಎಲ್ಲೂ ಹೋಗಬ್ಯಾಡ. ನಾ ನಡಕೋತ ಬಂದು ಮುಟ್ಟತೀನಿ."

ಅವಳು ಕಣ್ಣು ಮುಚ್ಚಿದಳು. ಅವನು ಮುಚ್ಚಳ ಇಳಿಸಿ, ಗಾಳಿಯ ಜರಡಿ ತೊಳೆಯಲು ಹೋದ.